ನೆರೆಮನೆಯ ಗೋಡೆ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ. ರಾತ್ರಿ ಪಾಳಿಯ ಕೆಲಸದಿಂದಾಗಿ ಬರಲಾಗದ ಸದಸ್ಯರ ಕೋರಿಕೆಯಂತೆ ಇಲ್ಲಿ ಅಚ್ಚು ಮಾಡಲಾಗಿದೆ.)



ಕಾರ್ಯದರ್ಶಿಗಳು ನನ್ನನ್ನು ಭಾಷಣಕ್ಕೆ ಕರೆದಾಗ, ಯಾವ ವಿಷಯದ ಮೇಲೆ ಎಂದು ಕೇಳಿದೆ. “ತಮಗೆ ತಿಳಿದದ್ದನ್ನೇ ಹೇಳಿ” ಎಂದರು. ನಾನು ಸಾಹಿತಿಯಲ್ಲ, ಇಂಜಿನಿಯರನೂ ಅಲ್ಲ. ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಮೂವತ್ತು ವರುಷ ಅಳತೆಯ ಪುಸ್ತಕ ಬರೆದ ಗುಮಾಸ್ತ. ಗೋಡೆ ಎಷ್ಟು ಉದ್ದ, ಎಷ್ಟು ಎತ್ತರ, ಎಷ್ಟು ದಪ್ಪ ಎಂದು ಬರೆದುಕೊಳ್ಳುವುದೇ ನನ್ನ ವಿದ್ಯೆ. ಆದ್ದರಿಂದ ಇಂದು ಗೋಡೆಯ ಮಾತನ್ನೇ ತಮ್ಮ ಮುಂದಿಡುತ್ತೇನೆ. ಅದೂ ಎಲ್ಲ ಗೋಡೆಯಲ್ಲ, ಒಂದೇ ಒಂದು ಗೋಡೆ: ನಮಗೂ ನೆರೆಮನೆಯವರಿಗೂ ನಡುವೆ ನಿಂತಿರುವುದು.

ಊರಿನಲ್ಲಿ ನಮ್ಮಲ್ಲಿ ಹಲವರಿಗೆ ಈ ಗೋಡೆಯ ಪರಿಚಯವಿರಲಿಲ್ಲ. ಕರಾವಳಿಯ ಮನೆಗೆ ನಾಲ್ಕು ಸುತ್ತಲೂ ತೋಟವಿರುತ್ತದೆ. ಪಕ್ಕದ ಮನೆಯವರನ್ನು ಕರೆಯಬೇಕಾದರೆ ಕೂಗಬೇಕು. ಬಯಲುಸೀಮೆಯ ಕೇರಿಗಳಲ್ಲಿ ಒಂದೇ ಗೋಡೆಯನ್ನು ಎರಡು ಮನೆಯವರು ಹಂಚಿಕೊಳ್ಳುವುದುಂಟು. ಆದರೆ ಆ ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಮುಂಬಯಿಗೆ ಬಂದ ಮೇಲೆ ಎಲ್ಲವೂ ಬದಲಾಗುತ್ತದೆ. ಇಲ್ಲಿ ಗೋರೆಗಾಂವಿನ ಬೈಠಿ ಚಾಳುಗಳಲ್ಲಿ ಹತ್ತು ಹನ್ನೆರಡು ಮನೆಗಳು ಒಂದೇ ಮಾಡಿನ ಕೆಳಗೆ ಒಂದರ ಹೆಗಲಿಗೊಂದು ಆನಿಸಿಕೊಂಡು ಕೂತಿರುತ್ತವೆ. ನಡುವಿನ ಗೋಡೆ ಅರ್ಧ ಇಟ್ಟಿಗೆಯದು, ಅಂದರೆ ನಾಲ್ಕೂವರೆ ಅಂಗುಲ. ಕೆಲವು ಕಡೆ ಅದೂ ಇಲ್ಲ, ಪತ್ರಾ ಅಥವಾ ಹಲಗೆ. ಮೋತಿಲಾಲ್ ನಗರದ ಹಳೆಯ ಸಾಲುಮನೆಗಳು ೧೯೬೦ರ ದಶಕದವು. ಅವನ್ನು ಕೆಡವಿ ಹೊಸದಾಗಿ ಕಟ್ಟುವ ಒಪ್ಪಂದ ೨೦೨೫ರಲ್ಲಿ ಆಯಿತು. ಆದರೆ ಕಾಗದದ ಮೇಲಿನ ಮನೆಗೆ ಬೀಗದ ಕೈ ಬರುವವರೆಗೆ ಇದ್ದ ಮನೆಯಲ್ಲೇ ಸಂಸಾರ ಸಾಗಬೇಕಷ್ಟೆ. ಆದ್ದರಿಂದ ಈ ವಿಷಯ ಹಳೆಯದಾಯಿತೆಂದು ತಾವು ತಿಳಿಯಬಾರದು.

೧೯೮೦ರ ದಶಕದ ಮೊದಲಲ್ಲಿ ನಾನು ಇಲ್ಲಿಗೆ ಬಂದಾಗ ಇಂತಹ ಒಂದು ಚಾಳಿನಲ್ಲಿ ಮೂವರೊಡನೆ ಒಂದು ಕೋಣೆಯಲ್ಲಿದ್ದೆ. ಒಬ್ಬರು ಹೋಟೆಲಿನಲ್ಲಿ, ಒಬ್ಬರು ಕಾರ್ಖಾನೆಯ ಕಾವಲಿನಲ್ಲಿ, ನಾನು ಕಚೇರಿಯಲ್ಲಿ. ಒಬ್ಬ ಮಲಗುವ ಹೊತ್ತಿಗೆ ಇನ್ನೊಬ್ಬ ಏಳಬೇಕು. ಹಾಗಿರಲು ಎಡಗಡೆ ಮನೆಯ ರೇಡಿಯೋ, ಬಲಗಡೆ ಮನೆಯ ಜಗಳ, ಎರಡಕ್ಕೂ ಆಚೆಯ ಮನೆಯ ಮಗುವಿನ ಅಳು ಎಲ್ಲವೂ ನಮ್ಮ ಕೋಣೆಗೇ ಬರುತ್ತಿದ್ದವು. ಗೋಡೆಗೂ ಕಿವಿ ಇದೆ ಎಂಬ ಗಾದೆ ನಮ್ಮ ಚಾಳಿಗೆ ಸಾಲದು. ಅಲ್ಲಿ ಗೋಡೆಗೆ ಬಾಯಿಯೂ ಇತ್ತು.

ನನಗೆ ಪರೀಕ್ಷೆಗೆ ಓದಬೇಕಾಗಿತ್ತು. ಯಾರೋ ಹೇಳಿದರೆಂದು ಪೆಟ್ಟಿಗೆಗಳಲ್ಲಿ ಬರುವ ಥರ್ಮೋಕೋಲ್ ಹಾಳೆಗಳನ್ನು ಕೂಡಿಟ್ಟು ಎಡಗಡೆಯ ಗೋಡೆಗೆ ಮೊಳೆ ಹೊಡೆದು ಬಡಿದೆ. ಮೇಲೊಂದು ಹಳೆಯ ಕಂಬಳಿ ಹೊದಿಸಿದೆ. ನಮ್ಮ ಕೋಣೆಯ ಮಾರ್ದನಿ ಕೊಂಚ ತಗ್ಗಿದಂತಾಯಿತು, ರೇಡಿಯೋ ಮಾತ್ರ ಎಂದಿನಂತೆಯೇ ಹಾಡಿತು. ಸಾಲಿನ ಕೊನೆಯ ಮನೆಯಲ್ಲಿ ವಿಜಾಪುರ ಕಡೆಯ ಹಿರಿಯ ಗೌಂಡಿಯೊಬ್ಬರಿದ್ದರು. ಅವರು ನನ್ನ ಕೆಲಸ ನೋಡಿ ನಕ್ಕು, ಒಂದು ಚೂರು ಥರ್ಮೋಕೋಲನ್ನು ಹೊರಗೆ ಒಯ್ದು ಕಡ್ಡಿ ಗೀರಿದರು. ಅದು ಕರಗಿ, ತೊಟ್ಟು ತೊಟ್ಟಾಗಿ ಉರಿಯುತ್ತ ನೆಲಕ್ಕೆ ಬಿತ್ತು. ಕಪ್ಪು ಹೊಗೆ ನನ್ನ ಮುಖಕ್ಕೇ ಬಂತು. “ಇದನ್ನ ತಲೀ ಕಡೆ ಹಚಗೊಂಡು ಮಲಗತೀರೇನ್ರಿ?” ಎಂದು ಕೇಳಿದರು. ಆಮೇಲೆ ಕೋಣೆಗೆ ಬಂದು, ಕೆಳಗೆ ನೋಡುತ್ತಿದ್ದ ನನ್ನ ಗಲ್ಲ ಹಿಡಿದು ಮೇಲಕ್ಕೆತ್ತಿ ಹೇಳಿದರು: “ಗ್ವಾಡಿ ಅಂದ್ರ ಮಾಡಿಗೆ ಮುಟ್ಟಬೇಕ್ರಿ. ಮುಟ್ಟಲಿಲ್ಲಂದ್ರ ಅದು ಗ್ವಾಡಿ ಅಲ್ಲ, ಪಡದೆ.”

ಅಲ್ಲಿಯವರೆಗೆ ನಾನು ತಲೆ ಎತ್ತಿ ನೋಡಿರಲಿಲ್ಲ. ನಮ್ಮ ನಡುವಿನ ಗೋಡೆ ಎಂಟು ಅಡಿಗೆ ನಿಂತಿತ್ತು. ಅದರ ಮೇಲಿನಿಂದ ಮಾಡಿನ ಮೂಲೆಯವರೆಗೆ ತ್ರಿಕೋನಾಕಾರದ ಜಾಗ ಪೂರ್ತಿ ಖಾಲಿ. ಸಾಲಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಹಂಚಿನ ಕೆಳಗೆ ಒಂದೇ ಸುರಂಗ. ಆ ಹಂಚಾದರೋ ನಮ್ಮೂರಿನದೇ. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹಬ್ಬಿದ ಆ ಉದ್ಯೋಗದ ಹಂಚು ಹಡಗಿನಲ್ಲಿ ಮುಂಬಯಿಗೆ ಬಂದು ಎಷ್ಟೋ ಚಾಳುಗಳ ಮಾಡಾಯಿತು. ಹಂಚು ತಾನಾಗಿ ಉರಿಯುವುದಿಲ್ಲ, ನಿಜ. ಆದರೆ ಅದನ್ನು ಹೊತ್ತ ಪಕ್ಕಾಸು, ರೀಪುಗಳು ಮರದವು. ಅವು ಮನೆಯಿಂದ ಮನೆಗೆ ಒಂದೇ ಉದ್ದಕ್ಕೆ ಹಾದುಹೋಗಿರುತ್ತವೆ.

ಈಗ ಸದ್ದಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಗುಮಾಸ್ತನಾದ್ದರಿಂದ ಲೆಕ್ಕವಿಲ್ಲದೆ ನನಗೆ ಸಮಾಧಾನವಿಲ್ಲ. ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ನಾವು ಎದುರುಬದುರು ಕುಳಿತು ಮಾತಾಡುವುದು ಸುಮಾರು ೬೦. ಹತ್ತು ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರಾಗಿ ಅರ್ಧಕ್ಕಿಳಿದಂತೆ ತೋರುತ್ತದೆ. ಗೋಡೆ ಸದ್ದನ್ನು ತಡೆಯುವುದು ತನ್ನ ಭಾರದಿಂದ. ಸದ್ದು ಗಾಳಿಯ ನಡುಕ. ಹಗುರವಾದ ಹಲಗೆಯನ್ನು ಅದು ಸುಲಭವಾಗಿ ಅಲುಗಾಡಿಸಿ ಆಚೆಗೆ ದಾಟುತ್ತದೆ, ಭಾರವಾದ ಇಟ್ಟಿಗೆಯನ್ನು ಅಲುಗಾಡಿಸಲಾರದು. ಎರಡೂ ಕಡೆ ಗಾರೆ ಬಳಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು ೫೦ ಡೆಸಿಬೆಲ್ ತಡೆಯುತ್ತದೆ. ನಾಲ್ಕೂವರೆ ಅಂಗುಲದ್ದು ನಲವತ್ತರ ಮೇಲೆ. ತೆಳ್ಳಗಿನ ಪ್ಲೈವುಡ್ ಹಲಗೆ ಇಪ್ಪತ್ತರ ಆಸುಪಾಸು. ಅಮೆರಿಕೆಯ ಕಟ್ಟಡ ನಿಯಮಗಳಲ್ಲಿ ಎರಡು ವಾಸದ ಮನೆಗಳ ನಡುವಿನ ಗೋಡೆಗೆ ಕೇಳುವುದೂ ಇದೇ ೫೦ರ ಅಂಕ. ಅಂದರೆ ನಮ್ಮ ಅರ್ಧ ಇಟ್ಟಿಗೆಯ ಗೋಡೆ ಅಷ್ಟೇನೂ ಹೀನವಲ್ಲ. ಅದು ಪೂರ್ತಿಯಾಗಿದ್ದರೆ ನೆರೆಯವರ ಮಾತು ನಮಗೆ ತಿಳಿಯಬಾರದು.

ತೊಂದರೆಯಿರುವುದು ತೂತಿನಲ್ಲಿ. ನೂರು ಚದರಡಿ ಗೋಡೆಯಲ್ಲಿ ಒಂದೇ ಒಂದು ಚದರಡಿ ತೆರೆದಿದೆಯೆನ್ನಿ, ಶೇಕಡಾ ಒಂದು ಪಾಲು. ಆಗ ಉಳಿದ ತೊಂಬತ್ತೊಂಬತ್ತು ಪಾಲು ಕಲ್ಲಾಗಿದ್ದರೂ ಒಟ್ಟು ಗೋಡೆ ೨೦ ಡೆಸಿಬೆಲಿಗಿಂತ ಹೆಚ್ಚು ತಡೆಯಲಾರದು. ತೂತು ಹದಿನಾಲ್ಕು ಚದರಂಗುಲ ಮಾತ್ರ, ಅಂದರೆ ಅಂಗೈಯಷ್ಟು, ಇದ್ದರೂ ೩೦ರ ಮೇಲೆ ಹೋಗದು. ನಮ್ಮ ಚಾಳಿನ ಗೋಡೆಯನ್ನು ನಾನೇ ಅಳೆದೆ: ಹದಿನೈದಡಿ ಉದ್ದ, ಎಂಟಡಿ ಎತ್ತರ, ೧೨೦ ಚದರಡಿ. ಮೇಲಿನ ತ್ರಿಕೋನದ ಖಾಲಿ ಜಾಗ ೩೦ ಚದರಡಿ. ಐದರಲ್ಲಿ ಒಂದು ಪಾಲು ತೆರೆದೇ ಇತ್ತು. ಅಂತಹ ಗೋಡೆ ತಡೆಯುವುದು ಏಳೇ ಏಳು ಡೆಸಿಬೆಲ್. ಕೆಳಗಿನ ಭಾಗವನ್ನು ಬಂಗಾರದಿಂದ ಕಟ್ಟಿದ್ದರೂ ಏಳೇ. ಇನ್ನು ನನ್ನ ಥರ್ಮೋಕೋಲ್ ಏನು ಮಾಡೀತು? ಹಗುರವಾದ, ಮೆದುವಾದ ಪದಾರ್ಥ ಕೋಣೆಯೊಳಗಿನ ಮಾರ್ದನಿಯನ್ನು ಕೊಂಚ ಹೀರಬಹುದು. ನೆರೆಮನೆಯ ಸದ್ದನ್ನು ತಡೆಯುವ ಭಾರ ಅದಕ್ಕಿಲ್ಲ.

ಬೆಂಕಿಯ ಲೆಕ್ಕವೂ ಇದರ ಹಾಗೆಯೇ ಇದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹೊಳೆದದ್ದು ಒಂದು ಚಳಿಗಾಲದ ರಾತ್ರಿ.

ನಮ್ಮ ಬಲಗಡೆ ಮನೆಯ ಯಜಮಾನರು ರಾತ್ರಿ ಪಾಳಿಗೆ ಹೋಗಿದ್ದರು. ಮನೆಯಲ್ಲಿ ತಾಯಿ, ಒಂದು ಮಗು. ಸೀಮೆಎಣ್ಣೆಯ ಸ್ಟವ್ ಸರಿಯಾಗಿ ಆರಿರಲಿಲ್ಲವೋ, ಪಕ್ಕದಲ್ಲಿದ್ದ ಬಟ್ಟೆಗೆ ತಗುಲಿತೋ, ಅಂತೂ ಹಾಸಿಗೆಯ ಮೂಟೆ ಹೊಗೆಯಾಡತೊಡಗಿತು. ನಾನು ಎಚ್ಚೆತ್ತದ್ದು ಗಂಟಲು ಉರಿದು. ಎದ್ದು ಕೂತಾಗ ಮಗು ಕೆಮ್ಮುವುದು ಕೇಳಿಸಿತು. ನಾವು ಮೂವರೂ ಹೊರಗೋಡಿ ಆ ಬಾಗಿಲಿನ ಚಿಲಕ ಮುರಿದು ತಾಯಿ ಮಕ್ಕಳನ್ನು ಎಳೆದು ತಂದೆವು. ನೀರು ಹೊಯ್ದು ಬೆಂಕಿ ಆರಿಸಿದೆವು. ಉರಿ ಆ ಒಂದು ಮನೆಯ ಮೂಲೆಯನ್ನು ದಾಟಿರಲಿಲ್ಲ. ಎಲ್ಲರೂ ದೇವರ ದಯೆಯೆಂದರು. ಬೆಳಕು ಹರಿದ ಮೇಲೆ ಯಾರಿಗೋ ನೆನಪಾಯಿತು: ಆಚೆಯ ಮೂರನೆಯ ಮನೆಯ ಬಾಗಿಲು ಇನ್ನೂ ತೆರೆದಿಲ್ಲ. ಅಲ್ಲಿ ಕುಂದಾಪುರ ಕಡೆಯ ಹಿರಿಯ ಅಡುಗೆಯವರೊಬ್ಬರು ಒಂಟಿಯಾಗಿದ್ದರು. ಹೋಟೆಲಿನಲ್ಲಿ ದುಡಿದು ದಣಿದವರು, ಬೇಗ ಮಲಗಿಬಿಡುವವರು, ಸ್ವಲ್ಪ ಕಿವುಡು. ಬಾಗಿಲು ಮುರಿದು ನೋಡಿದರೆ ಒಳಗೆ ಒಂದು ಬಟ್ಟೆಯೂ ಸುಟ್ಟಿಲ್ಲ, ಪಾತ್ರೆ ಪಗಡಿ ಇಟ್ಟಲ್ಲೇ ಇವೆ. ಅವರು ಮಾತ್ರ ಎಚ್ಚರವಿಲ್ಲದೆ ಬಿದ್ದಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಬೆಂಕಿ ಅವರ ಮನೆಗೆ ಹೋಗಿರಲಿಲ್ಲ. ಹೊಗೆ ಹೋಗಿತ್ತು, ನಮ್ಮ ತಲೆಯ ಮೇಲಿನ ಆ ಸುರಂಗದಲ್ಲಿ.

ಬಂಧುಗಳೇ, ಬೆಂಕಿಯಲ್ಲಿ ಸಾಯುವವರು ಹೆಚ್ಚಾಗಿ ಉರಿಯಿಂದಲ್ಲ, ಹೊಗೆಯಿಂದ ಸಾಯುತ್ತಾರೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ತಾನು ಆಕ್ರಮಿಸುತ್ತದೆ. ಮಲಗಿದವನು ಮಲಗಿದಂತೆಯೇ ಹೋಗುತ್ತಾನೆ. ಬಿಸಿಯಾದ ಹೊಗೆ ಮೊದಲು ಮಾಡಿಗೇರುತ್ತದೆ, ಅಲ್ಲಿ ದಾರಿ ಕಂಡರೆ ಅಡ್ಡಕ್ಕೆ ಹರಿಯುತ್ತದೆ, ತಣಿದಾಗ ಕೆಳಗಿಳಿಯುತ್ತದೆ. ಆದ್ದರಿಂದ ಮೊದಲ ಮನೆಯ ಹೊಗೆ ಮೂರನೆಯ ಮನೆಯವರ ಮೂಗಿಗೆ ಇಳಿಯುವುದರಲ್ಲಿ ಸೋಜಿಗವೇನೂ ಇಲ್ಲ. ಗಾರೆ ಬಳಿದ ಇಟ್ಟಿಗೆಯ ಗೋಡೆ ಬೆಂಕಿಯನ್ನು ಗಂಟೆಗಟ್ಟಲೆ ತಡೆದು ನಿಲ್ಲಬಲ್ಲುದು. ಆದರೆ ಸದ್ದಿಗೆ ದಾರಿ ಕೊಟ್ಟ ತೂತೇ ಹೊಗೆಗೂ ದಾರಿ. ನೆರೆಮನೆಯವರ ಮಾತು ಪದ ಪದವಾಗಿ ಕೇಳುತ್ತಿದ್ದರೆ ಅದು ಬರಿಯ ಉಪದ್ರವವಲ್ಲ, ಒಂದು ಎಚ್ಚರಿಕೆ: ಇಲ್ಲೆಲ್ಲೋ ಗೋಡೆ ಪೂರ್ತಿಯಾಗಿಲ್ಲ ಎಂದು ಅದು ಪ್ರತಿದಿನ ನಮಗೆ ಬಿಟ್ಟಿಯಾಗಿ ತಿಳಿಸುತ್ತಿದೆ. ನನ್ನ ಇಂದಿನ ಭಾಷಣದ ಸಾರ ಇಷ್ಟೇ.

ಇದು ನಮ್ಮ ಚಾಳಿನವರು ಮಾತ್ರ ಕಲಿತ ಪಾಠವಲ್ಲ. ೧೬೬೬ರ ಸೆಪ್ಟೆಂಬರಿನಲ್ಲಿ ಲಂಡನ್ ಪಟ್ಟಣದಲ್ಲಿ ಒಬ್ಬ ರೊಟ್ಟಿಯವನ ಅಂಗಡಿಯಿಂದ ಎದ್ದ ಬೆಂಕಿ ನಾಲ್ಕು ದಿನ ಉರಿದು ಸುಮಾರು ೧೩,೨೦೦ ಮನೆಗಳನ್ನು ನುಂಗಿತು. ಮರುವರುಷವೇ ಮನೆಗಳ ಗೋಡೆಗಳು ಇಟ್ಟಿಗೆಯವೋ ಕಲ್ಲಿನವೋ ಆಗಿರತಕ್ಕದ್ದೆಂದು ಕಾನೂನು ಮಾಡಿದರು. ಗೋಡೆ ಗಟ್ಟಿಯಾಗಿದ್ದರೂ ಮಾಡಿನ ಮೇಲಿಂದ ಬೆಂಕಿ ದಾಟುತ್ತದೆಯೆಂದು ಆಮೇಲೆ ಅರಿತು, ೧೭೦೭ರ ಕಾನೂನಿನಲ್ಲಿ ನೆರೆಮನೆಯ ನಡುಗೋಡೆ ಮಾಡಿನಿಂದಲೂ ಹದಿನೆಂಟು ಅಂಗುಲ ಮೇಲಕ್ಕೆ ಏರಿರಬೇಕೆಂದು ವಿಧಿಸಿದರು. ವಿಜಾಪುರದ ನಮ್ಮ ಗೌಂಡಿಯವರು ಆ ಕಾನೂನನ್ನು ಓದಿರಲಿಲ್ಲ. ಅವರು ಹೇಳಿದ್ದು ಅದನ್ನೇ. ಮುಂಬಯಿಯಲ್ಲಿಯೂ ೧೮೦೩ರ ಫೆಬ್ರವರಿಯಲ್ಲಿ ಕೋಟೆಯೊಳಗೆ ಒತ್ತೊತ್ತಾಗಿ ಕಟ್ಟಿದ್ದ ಪೇಟೆಗೆ ಬೆಂಕಿ ಬಿದ್ದು ಬಹುಭಾಗ ನಾಶವಾಯಿತು. ಆಮೇಲೆ ಕೋಟೆಯ ಹೊರಗೆ ಜನವಸತಿ ಬೆಳೆಯಿತು.

ಸದ್ದಿಗೆ ಮಾಡಿದ ಉಪಾಯವೇ ಬೆಂಕಿಗೆ ಸೌದೆಯಾದ ಉದಾಹರಣೆಯೂ ಇದೆ. ೨೦೦೩ರ ಫೆಬ್ರವರಿ ೨೦ರ ರಾತ್ರಿ ಅಮೆರಿಕೆಯ ರೋಡ್ ಐಲೆಂಡ್ ಸಂಸ್ಥಾನದ ವೆಸ್ಟ್ ವಾರ್ವಿಕ್ ಎಂಬ ಊರಿನ ಒಂದು ಸಂಗೀತಶಾಲೆಯಲ್ಲಿ ಬಾಣಬಿರುಸಿನ ಕಿಡಿ ತಗುಲಿ ನೂರು ಜನ ಸತ್ತರು. ವೇದಿಕೆಯ ಸುತ್ತ ಗೋಡೆಗೆ ಅಂಟಿಸಿದ್ದು ಪಾಲಿಯುರಿಥೇನ್ ಫೋಮ್, ನಮ್ಮ ಹಾಸಿಗೆಯ ಫೋಮಿನ ಜಾತಿಯದೇ. ಏಕೆ ಅಂಟಿಸಿದ್ದರು? ನೆರೆಯವರು ಸದ್ದು ಸದ್ದೆಂದು ದೂರುತ್ತಿದ್ದರೆಂದು. ಈ ಸಂಗತಿಯನ್ನು ಓದಿದ ದಿನ ನನಗೆ ನನ್ನ ಥರ್ಮೋಕೋಲ್ ಹಾಳೆ ನೆನಪಾಗಿ ಮೈ ಜುಮ್ಮೆಂದಿತು.

ಚಾಳು ಬಿಟ್ಟು ಮಹಡಿಯ ಮನೆಗೆ ಹೋದವರು ಈ ಭಯ ತಮಗಿಲ್ಲವೆಂದು ತಿಳಿದಾರು. ಹಾಗಲ್ಲ. ೨೦೨೩ರ ಅಕ್ಟೋಬರ್ ೬ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ನಮ್ಮದೇ ಗೋರೆಗಾಂವ್ ಪಶ್ಚಿಮದಲ್ಲಿ, ಪುನರ್ವಸತಿ ಯೋಜನೆಯಲ್ಲಿ ಕಟ್ಟಿದ ಜಯ್ ಭವಾನಿ ಕಟ್ಟಡದಲ್ಲಿ ಬೆಂಕಿ ಎದ್ದದ್ದನ್ನು ತಾವೆಲ್ಲ ಬಲ್ಲಿರಿ. ಏಳು ಮಂದಿ ಸತ್ತ ಸುದ್ದಿ ಅಂದೇ ಬಂತು. ಗಾಯಗೊಂಡವರು, ಹೊಗೆ ಕುಡಿದವರು ಐವತ್ತಕ್ಕೂ ಹೆಚ್ಚು. ಉರಿದದ್ದು ಮುಖ್ಯವಾಗಿ ನೆಲಮಟ್ಟದಲ್ಲಿದ್ದ ವಾಹನಗಳು ಮತ್ತು ಸಾಮಾನು. ಹೊಗೆ ಮಾತ್ರ ಮೇಲಕ್ಕೇರಿ ಜನರು ಇಳಿಯುವ ದಾರಿಯನ್ನೇ ತುಂಬಿಕೊಂಡಿತು. ಚಾಳಿನಲ್ಲಿ ಸುರಂಗ ಮಾಡಿನ ಕೆಳಗೆ ಅಡ್ಡವಾಗಿರುತ್ತದೆ. ಮಹಡಿಯ ಕಟ್ಟಡದಲ್ಲಿ ಅದೇ ಸುರಂಗ ನೆಟ್ಟಗೆ ನಿಂತಿರುತ್ತದೆ. ಮೆಟ್ಟಿಲಿನ ಕೋಣೆ, ಲಿಫ್ಟಿನ ಬಾವಿ, ಕೊಳವೆ ತಂತಿಗಳು ಹಾಯುವ ಕಿಂಡಿ ಇವೇ ಅದರ ದಾರಿಗಳು. ಅಲ್ಲಿ ನಮ್ಮನ್ನು ಕಾಯುವ ನಡುಗೋಡೆಯೆಂದರೆ ಮನೆಯ ಮುಂಬಾಗಿಲು. ಅದು ಗಟ್ಟಿಯಾಗಿರಬೇಕು, ಸರಿಯಾಗಿ ಮುಚ್ಚಿಕೊಳ್ಳುವಂತಿರಬೇಕು. ಮೆಟ್ಟಿಲಿನ ಕೆಳಗೆ ಹಳೆಯ ಹಾಸಿಗೆ, ರದ್ದಿ, ಸ್ಕೂಟರು ತುಂಬಿಸಿಡುವುದು ಇಡೀ ಕಟ್ಟಡದ ಒಲೆಗೆ ಸೌದೆ ಜೋಡಿಸಿಟ್ಟಂತೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ನಮ್ಮ ಚಾಳಿನಲ್ಲಿ ಆ ಸಾವಾದ ಮೇಲೆ ಒಂದು ಸಭೆ ಸೇರಿತು. ಗೋಡೆಯನ್ನು ಮಾಡಿನವರೆಗೆ ಏರಿಸಬೇಕೆಂದು ಗೌಂಡಿಯವರು ಹೇಳಿದರು. ಆಗ ಮಗುವಿನ ತಾಯಿಯೇ ಎದ್ದು ನಿಂತು, “ಗೋಡೆ ಮುಚ್ಚಿದ್ದರೆ ನನ್ನ ಮಗು ಕೆಮ್ಮಿದ್ದು ಇವರಿಗೆ ಕೇಳುತ್ತಿತ್ತೇ?” ಎಂದು ಕೇಳಿದರು. ಸಭೆ ಮೌನವಾಯಿತು. ಆ ಮಾತಿನಲ್ಲಿ ಸತ್ಯವಿತ್ತು. ಅದೇ ಕಿಂಡಿ ಒಂದು ಮಗುವನ್ನು ಉಳಿಸಿತ್ತು. ಚಾಳಿನ ಬಾಳುವೆಯ ಸೊಗಸೂ ಅದೇ ತಾನೆ? ಕಷ್ಟ ಬಂದರೆ ಕರೆಯಬೇಕಾಗಿಲ್ಲ, ತಾನಾಗಿಯೇ ಕೇಳಿಸುತ್ತದೆ.

ಬಹಳ ಹೊತ್ತಿನ ಮೇಲೆ ಗೌಂಡಿಯವರು ಮೆಲ್ಲನೆ ಹೇಳಿದರು: “ಅವ್ವಾ, ನಿನ್ನ ಕೂಸಿನ ಕೆಮ್ಮು ಕೇಳಿಸ್ತು ಖರೆ. ಆ ಮುದುಕನ ಕೆಮ್ಮು ಯಾರಿಗೆ ಕೇಳಿಸ್ತು?” ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಕಿಂಡಿಯನ್ನು ನಂಬಿ ಬದುಕುವುದೆಂದರೆ, ಯಾರೋ ಎಚ್ಚರವಾಗಿರುತ್ತಾರೆ ಎಂಬ ನಂಬಿಕೆಯಲ್ಲಿ ಎಲ್ಲರೂ ಮಲಗುವುದು. ಕೊನೆಗೆ ಎರಡು ನಿರ್ಣಯಗಳಾದವು. ಗೋಡೆ ಏರಿಸುವುದು ಒಂದು. ಮನೆಮನೆಗೂ ಒಂದು ಗಂಟೆ ಕಟ್ಟಿ ಅದರ ಹಗ್ಗವನ್ನು ನೆರೆಮನೆಯೊಳಕ್ಕೆ ಬಿಡುವುದು ಇನ್ನೊಂದು. ಹಗ್ಗ ಹಾಯುವ ತೂತು ಕಡ್ಡಿಪೆಟ್ಟಿಗೆಗಿಂತ ಚಿಕ್ಕದು. ಇಂದಾದರೆ ಹಗ್ಗ ಬೇಕಾಗಿಲ್ಲ. ಬ್ಯಾಟರಿಯಲ್ಲಿ ನಡೆಯುವ ಹೊಗೆ ಗಂಟೆ ಅಂಗಡಿಗಳಲ್ಲಿ ಸಿಗುತ್ತದೆ. ಅದು ನಿದ್ದೆ ಮಾಡುವುದಿಲ್ಲ, ಕಿವುಡೂ ಅಲ್ಲ.

ಮಾಲಿಕರ ಕತೆಯನ್ನು ಹೆಚ್ಚು ಹೇಳುವುದಿಲ್ಲ. ನಾವು ಮೂರು ಸಲ ಹೋಗಿ ಕೇಳಿದೆವು. ಬಾಡಿಗೆಗೂ ಬೆಂಕಿಗೂ ಸಂಬಂಧವಿಲ್ಲವೆಂದರು. ನಾವೇ ಚಂದಾ ಎತ್ತಿದೆವು. ಇಟ್ಟಿಗೆಗೆ ಹಣ ಕೊಟ್ಟೆವು, ಗೌಂಡಿಯವರು ಕೂಲಿ ತೆಗೆದುಕೊಳ್ಳಲಿಲ್ಲ. ಎರಡು ಭಾನುವಾರ ನಾವು ಗಾರೆ ಕಲಸಿ ಮೇಲಕ್ಕೆ ಕೊಟ್ಟೆವು. ಮೂರನೆಯ ವಾರ ನನ್ನ ಎಡಗಡೆಯ ರೇಡಿಯೋ ಒಮ್ಮೆಲೇ ದೂರ ಸರಿದಂತಾಯಿತು. ಹಾಡು ಯಾವುದೆಂದು ಗುರುತು ಹಿಡಿಯಲಾಗದಷ್ಟು. ಆ ವರುಷ ನಾನು ಪರೀಕ್ಷೆಯಲ್ಲಿ ತೇರ್ಗಡೆಯಾದೆ.

ಇಂದು ತಮ್ಮ ಮನೆಗಳಲ್ಲಿ ಏನು ಮಾಡಬಹುದೆಂಬುದನ್ನು ಹೇಳದಿದ್ದರೆ ಈ ಭಾಷಣ ಬರಿಯ ಕತೆಯಾದೀತು.

ಮೊದಲನೆಯದಾಗಿ, ಮನೆಗೆ ಹೋಗಿ ತಲೆ ಎತ್ತಿ ನೋಡಿ. ಮಾಳಿಗೆ ಇದ್ದರೆ ಹತ್ತಿ ನೋಡಿ. ಸುಳ್ಳು ಮಾಡು ಹೊಡೆಸಿದ್ದರೆ ಅದರ ಮೇಲೆ ಏನಿದೆಯೆಂದು ಒಂದು ಹಲಗೆ ತೆಗೆದು ನೋಡಿ. ಕೆಳಗಿನಿಂದ ಅಂದವಾಗಿ ಕಾಣುವ ಥರ್ಮೋಕೋಲ್ ಮಾಡು ಸುರಂಗವನ್ನು ಮುಚ್ಚುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ರಾತ್ರಿ ದೀಪ ಆರಿಸಿ ನೋಡಿ. ನೆರೆಮನೆಯ ಬೆಳಕು ಎಲ್ಲಿಂದ ಬರುತ್ತದೆಯೋ ಅಲ್ಲಿಂದ ಹೊಗೆಯೂ ಬರುತ್ತದೆ.

ಎರಡನೆಯದಾಗಿ, ಗೋಡೆಯ ಹೊಟ್ಟೆಯಲ್ಲಿರುವ ತೂತುಗಳು. ಅರ್ಧ ಇಟ್ಟಿಗೆಯ ಗೋಡೆಯಲ್ಲಿ ಈಚೆಯವರೂ ಆಚೆಯವರೂ ಒಂದೇ ಜಾಗದಲ್ಲಿ ಸ್ವಿಚ್ಚಿನ ಪೆಟ್ಟಿಗೆಗಾಗಿಯೋ ದೇವರ ಗೂಡಿಗಾಗಿಯೋ ಕೆತ್ತಿದರೆ ನಡುವೆ ಏನೂ ಉಳಿಯುವುದಿಲ್ಲ. ತಂತಿ, ಕೊಳವೆ ಹಾಯುವ ಕಡೆಗಳನ್ನು ಸಿಮೆಂಟು ಗಾರೆಯಿಂದ ತುಂಬಿ. ಕಾಗದ, ಚಿಂದಿ, ಸಾಮಾನ್ಯ ಫೋಮ್ ತುರುಕಬೇಡಿ.

ಮೂರನೆಯದಾಗಿ, ಗೋಡೆ ಏರಿಸುವುದಾದರೆ ಕೆಳಗಿನ ಗೋಡೆ ಆ ಭಾರ ಹೊರಬಲ್ಲುದೇ ಎಂದು ತಿಳಿದವರಿಗೆ ತೋರಿಸಿ. ಸಂಶಯವಿದ್ದರೆ ಹಗುರವಾದ ಸಿಪೊರೆಕ್ಸ್ ಇಟ್ಟಿಗೆ ಆದೀತು. ಅಥವಾ ಉಕ್ಕಿನ ಚೌಕಟ್ಟಿಗೆ ಎರಡೂ ಕಡೆ ಎರಡೆರಡು ಪದರ ಜಿಪ್ಸಂ ಹಲಗೆ ಹೊಡೆದು ನಡುವೆ ಕಲ್ಲುನಾರಿನ ಉಣ್ಣೆ ತುಂಬಬಹುದು. ಜಿಪ್ಸಮ್ಮಿನೊಳಗೆ ನೀರಿನ ಅಂಶವಿರುವುದರಿಂದ ಅದು ಬೆಂಕಿಗೆ ಬೇಗ ಸೋಲುವುದಿಲ್ಲ, ಕಲ್ಲುನಾರು ಉರಿಯುವುದಿಲ್ಲ. ಮಾಡಿಗೂ ಗೋಡೆಗೂ ನಡುವೆ ಒಂದಂಗುಲವೂ ಉಳಿಯಬಾರದು. ಮರದ ಪಕ್ಕಾಸು ಗೋಡೆ ದಾಟುವಲ್ಲಿ ಸುತ್ತಲೂ ಗಾರೆ ಒತ್ತಿ. ಹೊಸದಾಗಿ ಮಾಡು ಮಾಡಿಸುವಾಗ ಎರಡೂ ಮನೆಯ ಮರದ ತುದಿಗಳು ಒಂದಕ್ಕೊಂದು ಮುಟ್ಟದಂತೆ ಗೋಡೆಯಲ್ಲೇ ನಿಲ್ಲಿಸಿ. ಪತ್ರಾ ಗೋಡೆಯನ್ನು ಗೋಡೆಯೆಂದು ನಂಬಬೇಡಿ. ಅದು ಉರಿಯದಿದ್ದರೂ ಕ್ಷಣದಲ್ಲಿ ಕಾಯುತ್ತದೆ. ಆಚೆ ಒರಗಿಸಿಟ್ಟ ಹಾಸಿಗೆಗೆ ಕಿಚ್ಚು ಹಚ್ಚುತ್ತದೆ.

ನಾಲ್ಕನೆಯದಾಗಿ, ಗಾಳಿ. ಮೇಲಿನ ಕಿಂಡಿ ಮುಚ್ಚಿದರೆ ಸೆಕೆಯೆಂದು ಹಲವರು ಹೇಳುತ್ತಾರೆ, ಅದು ನಿಜವೇ. ಗಾಳಿಯನ್ನು ಮುಂದಿನ ಗೋಡೆಯಿಂದ, ಹಿಂದಿನ ಗೋಡೆಯಿಂದ ತೆಗೆದುಕೊಳ್ಳಬೇಕೇ ಹೊರತು ನೆರೆಮನೆಯಿಂದಲ್ಲ. ಸಿಲಿಂಡರಿನ ಅಡುಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಆದ್ದರಿಂದ ಕೆಳಗೂ ಒಂದು ಜಾಲಂಧ್ರ ಹೊರಗಡೆಗೆ ಇರಲಿ.

ಐದನೆಯದಾಗಿ, ಗೋಡೆ ಎಷ್ಟು ಪೂರ್ತಿಯಾಗಿದ್ದರೂ ದಾಟುವ ಸದ್ದೊಂದಿದೆ. ಅದು ತಟ್ಟುವ, ಅದುರುವ ಸದ್ದು. ನಮ್ಮವರ ಮನೆಗಳಲ್ಲಿ ಬೆಳಗಿನ ಐದಕ್ಕೇ ದೋಸೆಗೆ ರುಬ್ಬುವ ಯಂತ್ರ ಗೋಡೆಗೆ ಆತುಕೊಂಡು ಗುಡುಗುತ್ತದೆ. ಅದನ್ನು ಒಂದು ಗೇಣು ಈಚೆಗೆ ಸರಿಸಿ ಕೆಳಗೆ ದಪ್ಪ ರಬ್ಬರು ಹಾಕಿದರೆ ನೆರೆಯವರ ನಿದ್ದೆಯೂ ಉಳಿಯುತ್ತದೆ, ದೋಸೆಯೂ ಕೆಡುವುದಿಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲಿನ ಮಿತಿ ಹಾಕಿವೆ. ಆದರೆ ನೆರೆಯವರೊಡನೆ ಕಾನೂನು ಮಾತಾಡುವ ಮೊದಲು ಒಂದು ಲೋಟ ಕಾಫಿ ಕೊಟ್ಟು ಮಾತಾಡುವುದು ಲೇಸು.

ಮಹಡಿಯ ಮನೆಯವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದ ೨೦೦೬ರ ಅಗ್ನಿನಿರೋಧ ಕಾಯಿದೆಯಂತೆ ಅದಕ್ಕೊಳಪಡುವ ಕಟ್ಟಡಗಳವರು ಬೆಂಕಿ ಆರಿಸುವ ಸಾಧನಗಳು ಸುಸ್ಥಿತಿಯಲ್ಲಿವೆಯೆಂದು ಲೈಸೆನ್ಸುಳ್ಳ ಸಂಸ್ಥೆಯ ಪ್ರಮಾಣಪತ್ರವನ್ನು ವರುಷಕ್ಕೆರಡು ಸಲ, ಜನವರಿಯಲ್ಲೂ ಜುಲೈಯಲ್ಲೂ ಕೊಡಬೇಕು. ತಮ್ಮ ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಆ ಪತ್ರವನ್ನು ತೋರಿಸಿ ಎಂದು ಕೇಳಿ. ನಾವು ಹೊರಗಿನಿಂದ ಬಂದವರೆಂದು, ಬಾಡಿಗೆಯವರೆಂದು ಸಂಕೋಚಪಡಬೇಡಿ. ಬೆಂಕಿ ಬಿದ್ದಾಗ ಮೆಟ್ಟಿಲಿನಲ್ಲಿ ಹೊಗೆ ತುಂಬಿದ್ದರೆ ಅದರೊಳಕ್ಕೆ ನುಗ್ಗಬೇಡಿ, ಲಿಫ್ಟ್ ಹತ್ತಬೇಡಿ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಒತ್ತಿ, ಬೀದಿಯ ಕಡೆಯ ಕಿಟಕಿಯಲ್ಲಿ ನಿಂತು ಕೂಗಿ. ಅಗ್ನಿಶಾಮಕದ ನಂಬರು ೧೦೧ ಮನೆಯ ಚಿಕ್ಕ ಮಕ್ಕಳಿಗೂ ಬಾಯಿಗೆ ಬರಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಗಾದೆ ನಮಗೆಲ್ಲ ಗೊತ್ತು. ನಾವು ಆ ಚಾಳಿನಲ್ಲಿ ಗೋಡೆ ಏರಿಸಿದ್ದು ಅದೇ ರೀತಿ, ಒಬ್ಬರನ್ನು ಕಳೆದುಕೊಂಡ ಮೇಲೆ. ಆ ಹಿರಿಯರು ಭಾನುವಾರಗಳಲ್ಲಿ ನಮ್ಮಂಥ ಹುಡುಗರಿಗೆಲ್ಲ ಕರೆದು ಸಾರು ಅನ್ನ ಬಡಿಸುತ್ತಿದ್ದರು. ಊರಿನಲ್ಲಿ ಅವರ ಮನೆಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಬೆಂಕಿಯಿಂದ ತೀರಿಕೊಂಡರು’ ಎಂದು ಬರೆದು, ಅದು ನಿಜವಲ್ಲವೆಂದು ಹೊಡೆದುಹಾಕಿದೆ. ‘ಹೊಗೆಯಿಂದ’ ಎಂದು ಬರೆದೆ. ನಾಲ್ಕು ಅಡಿ ಇಟ್ಟಿಗೆ ಸಾಲದೆ ಹೋಯಿತು ಎಂದು ಬರೆಯಲು ಧೈರ್ಯ ಬರಲಿಲ್ಲ. ಆ ಬಾಕಿಯನ್ನು ಇಂದು ತಮ್ಮೆದುರು ತೀರಿಸಿದ್ದೇನೆ.

ರಾತ್ರಿ ಪಾಳಿಯಿಂದ ಬಂದು ಹಗಲು ಮಲಗುವ ಬಂಧುಗಳಿಗೆ ಒಳ್ಳೆಯ ನಿದ್ದೆ ಬರಲಿ, ನಿದ್ದೆಯಿಂದ ಎಲ್ಲರೂ ಕ್ಷೇಮವಾಗಿ ಏಳುವಂತಾಗಲಿ. ಇಂದು ಮನೆಗೆ ಹೋದೊಡನೆ ಒಮ್ಮೆ ತಲೆ ಎತ್ತಿ ನೋಡಿರೆಂದು ಬೇಡುತ್ತೇನೆ.